ನೀರು ಕೊಡುವುದು ಸ್ಥಳೀಯ ಆಡಳಿತದ ಕರ್ತವ್ಯವಾ, ಅವರ ಇಷ್ಟವಾ?

ಪ್ರಶ್ನೆ:
ನಮ್ಮ ಬೀದಿಯ ನಲ್ಲಿಗಳಲ್ಲಿ ಎರಡು ವಾರದಿಂದ ನೀರಿಲ್ಲ. ಕಚೇರಿಗೆ ಹೋದರೆ "ಗುತ್ತಿಗೆದಾರರಿಗೆ ವಹಿಸಿದ್ದೇವೆ, ಅವರನ್ನೇ ಕೇಳಿ" ಅಂದರು. ಗುತ್ತಿಗೆದಾರರು ದುಡ್ಡು ಬಿಡುಗಡೆಯಾಗಿಲ್ಲ ಅನ್ನುತ್ತಾರೆ. ಪಕ್ಕದ ಮನೆಯ ಅಜ್ಜಿ ದಿನಾ ಕೊಡ ಹೊತ್ತು ತರುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ನೀರು ಕೊಡಲೇಬೇಕು ಅಂತ ಕಾನೂನಿದೆಯಾ, ಅಥವಾ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲವಾ?

ಉತ್ತರ 1:
ಮೊದಲು ನಿಮ್ಮ ಸ್ಥಳೀಯ ಸಂಸ್ಥೆಯ ಕಾಯ್ದೆ ತೆಗೆದು ನೀರಿನ ಕಲಮು ಓದಿ. "ಮಾಡತಕ್ಕದ್ದು" ಅಂತಿದ್ದರೆ ಅದು ಕಡ್ಡಾಯ, "ಮಾಡಬಹುದು" ಅಂತಿದ್ದರೆ ಅವರ ವಿವೇಚನೆ. ಎಲ್ಲಾ ವ್ಯತ್ಯಾಸ ಆ ಒಂದು ಪದದಲ್ಲಿದೆ. ಇನ್ನು ಗುತ್ತಿಗೆಯ ಮಾತು. ದಕ್ಷಿಣ ಆಫ್ರಿಕಾದ 1997ರ ನೀರು ಸೇವೆಗಳ ಕಾಯ್ದೆ ಹೊಣೆ ಹೊತ್ತ ಪ್ರಾಧಿಕಾರವೇ ಬೇರೆ, ನೀರು ಪೂರೈಸುವವರೇ ಬೇರೆ ಅಂತ ಬಿಡಿಸಿ ಹೇಳುತ್ತದೆ. ಕೆಲಸ ಬೇರೆಯವರ ಕೈಗೆ ಹೋಗಬಹುದು, ಹೊಣೆ ಹೋಗುವುದಿಲ್ಲ. ಹಾಗಾಗಿ ಗುತ್ತಿಗೆದಾರರ ಹಿಂದೆ ಸುಮ್ನೆ ಅಲೆಯಬೇಡಿ.

ಉತ್ತರ 2:
ದುಡ್ಡಿಲ್ಲ ಅನ್ನುವ ಉತ್ತರ ಎಲ್ಲ ಕಡೆ ಕೇಳಿಬರುತ್ತದೆ, ಆದರೆ ಅಷ್ಟಕ್ಕೇ ಮಾತು ಮುಗಿಯುವುದಿಲ್ಲ. 1980ರಲ್ಲಿ ರತ್ಲಾಮ್ ಪುರಸಭೆ ಪ್ರಕರಣದಲ್ಲಿ ಭಾರತದ ಸುಪ್ರೀಂ ಕೋರ್ಟ್, ಹಣದ ಕೊರತೆ ಹೇಳಿ ಕಾನೂನಿನ ಕರ್ತವ್ಯದಿಂದ ನುಣುಚಿಕೊಳ್ಳುವ ಹಾಗಿಲ್ಲ ಅಂದಿತು. ಅದು ಚರಂಡಿ, ನೈರ್ಮಲ್ಯದ ಪ್ರಕರಣ, ನಿಜ, ಆದರೂ ತರ್ಕ ಇಲ್ಲಿಗೂ ಹೊಂದುತ್ತದೆ ಅಂತ ನನ್ನ ಅಭಿಪ್ರಾಯ.

ಇನ್ನೊಂದು ಮುಖವನ್ನೂ ಹೇಳಬೇಕು. ಜೋಹಾನ್ಸ್‌ಬರ್ಗ್ ನಗರದ ವಿರುದ್ಧ ಮಜಿಬುಕೊ ಪ್ರಕರಣದಲ್ಲಿ ದಕ್ಷಿಣ ಆಫ್ರಿಕಾದ ಸಂವಿಧಾನ ನ್ಯಾಯಾಲಯ 2009ರಲ್ಲಿ ಒಬ್ಬರಿಗೆ ಇಷ್ಟೇ ಲೀಟರ್ ಅಂತ ತಾನೇ ನಿಗದಿ ಮಾಡಲು ಒಪ್ಪಲಿಲ್ಲ. ಸರ್ಕಾರ ತೆಗೆದುಕೊಂಡ ಕ್ರಮ ಸಮಂಜಸವಾಗಿದೆಯಾ ಅಂತ ಮಾತ್ರ ನೋಡಿತು. ಅಂದರೆ "ನೀರು ಕೊಡಿ" ಅಂತ ಕೇಳಿ ಬರುವುದಕ್ಕಿಂತ "ನಿಮ್ಮ ಯೋಜನೆ ಏನು, ಯಾವತ್ತಿಗೆ ಸರಿಯಾಗುತ್ತದೆ, ಅಲ್ಲಿಯವರೆಗೆ ಟ್ಯಾಂಕರ್ ಕಳಿಸುತ್ತೀರಾ" ಅಂತ ಲಿಖಿತವಾಗಿ ಕೇಳಿದರೆ ಅವರಿಗೆ ತಪ್ಪಿಸಿಕೊಳ್ಳುವುದು ಜಾಸ್ತಿ ಕಷ್ಟ.

ಪ್ರಶ್ನೆ ಕೇಳಿದವರು:
ತುಂಬಾ ಉಪಕಾರವಾಯಿತು. ಇನ್ನೊಂದು ವಿಷಯ, ಕೆಲವು ಮನೆಗಳ ಬಿಲ್ ಬಾಕಿ ಇದೆ. ಅದೇ ನೆಪ ಮಾಡಿ ಎಲ್ಲರಿಗೂ ನಿಲ್ಲಿಸಬಹುದಾ?

ಉತ್ತರ 3:
ಒಬ್ಬರ ಬಾಕಿಗೆ ಇನ್ನೊಬ್ಬರ ನಲ್ಲಿ ಒಣಗಿಸುವುದು ಯಾವ ನ್ಯಾಯ? ಬಾಕಿ ಇರುವವರಿಗೂ ಹಲವು ಕಡೆ ರಕ್ಷಣೆ ಇದೆ. ಉತ್ತರ 1ರಲ್ಲಿ ಹೇಳಿದ ದಕ್ಷಿಣ ಆಫ್ರಿಕಾದ 1997ರ ಕಾಯ್ದೆಯನ್ನೇ ನಾನು ಓದಿದ್ದೇನೆ: ನೀರು ನಿಲ್ಲಿಸುವ ಮುಂಚೆ ನೋಟಿಸ್ ಕೊಡಬೇಕು, ಅವರ ಮಾತು ಕೇಳಬೇಕು, ಕಟ್ಟಲು ಶಕ್ತಿಯೇ ಇಲ್ಲ ಅಂತ ತೋರಿಸಿದವರಿಗೆ ಮೂಲ ಅಗತ್ಯದ ನೀರು ತಪ್ಪಿಸುವಂತಿಲ್ಲ. ಇಂಗ್ಲೆಂಡಿನಲ್ಲಂತೂ 1999ರ ಕಾಯ್ದೆಯಿಂದ ಬಿಲ್ ಬಾಕಿಗಾಗಿ ಮನೆಗಳ ನೀರು ಕಡಿತ ಮಾಡುವುದೇ ನಿಷಿದ್ಧ. ನಿಮ್ಮಲ್ಲಿ ನಿಯಮ ಬೇರೆ ಇರಬಹುದು, ಆದರೆ ನೋಟಿಸ್ ಬಂದಿದೆಯಾ ಅಂತ ಮೊದಲು ನೋಡಿ.

ಅರ್ಜಿಗೆ ಬೀದಿಯವರೆಲ್ಲರ ಸಹಿ ಹಾಕಿಸಿ, ಸ್ವೀಕೃತಿ ತೆಗೆದುಕೊಳ್ಳಿ. ನೀರು ಬಾರದ ದಿನಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಆ ಅಜ್ಜಿಯ ವಿಷಯವನ್ನೂ ಅರ್ಜಿಯಲ್ಲಿ ಬರೆಯಿರಿ, ಅವರು ಒಪ್ಪಿದರೆ.