ಪದಚರ್ಚೆ: ಮಕ್ಕಳ ಕೋಡಿಂಗ್ ಚೀಟಿಯಲ್ಲಿ ಲೂಪ್‌ಗೆ ‘ಸುತ್ತು’ ಅನ್ನಬಹುದೇ?

ಪ್ರಶ್ನೆ: ಕೇರಳದ ಕುಂಬಳೆ ಕಡೆಯ ಕನ್ನಡ ಮಾಧ್ಯಮದ ಎರಡನೇ, ಮೂರನೇ ತರಗತಿಯ ಮಕ್ಕಳಿಗಾಗಿ, ಹೆಚ್ಚು ಖರ್ಚಿಲ್ಲದೆ ಮನೆಯಲ್ಲೇ ಕೋಡಿಂಗ್ ಕಲಿಸುವ ಕೈಪಿಡಿಯೊಂದು ಸಿದ್ಧವಾಗುತ್ತಿದೆ. ಜೊತೆಗೆ ಕತ್ತರಿಸಿ ಆಡುವ ಚೀಟಿಗಳಿವೆ; ಚೀಟಿ ಹೇಳಿದಂತೆ ಮನೆ ಬರೆದ ಹಾಳೆಯ ಮೇಲೆ ಕಾಯಿ ನಡೆಸಬೇಕು. ಆದೇಶವನ್ನು ಮತ್ತೆ ಮತ್ತೆ ಮಾಡಿಸುವ ಲೂಪ್‌ಗೆ ‘ಸುತ್ತು’, ಷರತ್ತು ಹೇಳುವ ಇಫ್‌ಗೆ ‘ಆದರೆ’ ಎಂದು ಹಾಕಿದ್ದೇವೆ. ‘ಪುನರಾವರ್ತಿಸು’ ಎಂದೇ ಇರಲಿ ಎಂಬುದು ಕೆಲವರ ಮಾತು. ಮಲಯಾಳದ ‘ಆವರ್ತಿಕ್ಕುಕ’ ಮಕ್ಕಳ ಕಿವಿಗೆ ಬಿದ್ದಿರುವುದರಿಂದ ‘ಆವರ್ತಿಸು’ ನಡೆದೀತೇ? ಬಲ್ಲವರು ತಿಳಿಸಬೇಕು.

ಉತ್ತರ: ಮಾಷ್ಟ್ರೇ, ‘ಸುತ್ತು’ ಖಂಡಿತ ಬೇಡ. ಸ್ಕ್ರ್ಯಾಚ್ (ಆದೇಶದ ತುಂಡುಗಳನ್ನು, ಅಂದರೆ ಬ್ಲಾಕ್‌ಗಳನ್ನು, ಪರದೆಯ ಮೇಲೆ ಜೋಡಿಸಿ ಕೋಡಿಂಗ್ ಕಲಿಯುವ ತಂತ್ರಾಂಶ) ತೆರೆದ ಮಗುವಿಗೆ ಮೊದಲು ಸಿಗುವ ಬ್ಲಾಕ್‌ಗಳಲ್ಲೇ ‘15 ಡಿಗ್ರಿ ತಿರುಗು’ ಎಂಬರ್ಥದ್ದೊಂದಿದೆ. ಚೀಟಿಯಲ್ಲಿ ‘4 ಸುತ್ತು’ ಎಂದು ಕಂಡರೆ ಮಗು ಕಾಯಿಯನ್ನು ನಿಂತಲ್ಲೇ ನಾಲ್ಕು ಸಲ ತಿರುಗಿಸುತ್ತದೆ. ಅದು ಓದಿದ್ದು ಸರಿಯೇ, ಪದವೇ ಹಾಗಿದೆ. ‘ಪುನರಾವರ್ತಿಸು’ ಎರಡನೇ ತರಗತಿಯ ನಾಲಿಗೆಗೆ ಭಾರ. ‘ಆವರ್ತಿಸು’ ಮನೆಯಲ್ಲಿ ಯಾರೂ ಆಡದ ಮಾತು; ಮುಂದೆ ಗಣಿತದಲ್ಲಿ ‘ಆವೃತ್ತಿ’ ಬೇರೆಯೇ ಅರ್ಥದಲ್ಲಿ ಎದುರಾಗುತ್ತದೆ. ‘4 ಸಲ’ ಎಂದಷ್ಟೇ ಬರೆಯಿರಿ. ‘4 ಸರ್ತಿ’ ಎಂದರೂ ನಮ್ಮ ಕಡೆ ಚೆನ್ನಾಗಿಯೇ ನಡೆಯುತ್ತದೆ. ನಿಲ್ಲದೆ ನಡೆಯುವ ಲೂಪ್‌ಗೆ ‘ಮಾಡುತ್ತಲೇ ಇರು’.

ಪದಕ್ಕಿಂತ ಹೆಚ್ಚು ತೊಡಕು ಎಲ್ಲಿಂದ ಎಲ್ಲಿಯವರೆಗೆ ಎಂಬುದರಲ್ಲಿ. ‘4 ಸಲ’, ‘2 ಮನೆ ಮುಂದೆ’, ‘ಬಲಕ್ಕೆ ತಿರುಗು’ ಎಂದು ಮೂರು ಚೀಟಿ ಇಟ್ಟರೆ, ಮಗು ‘2 ಮನೆ ಮುಂದೆ’ ಒಂದನ್ನೇ ನಾಲ್ಕು ಸಲ ಮಾಡಿ ಕಾಯಿಯನ್ನು ಹಾಳೆಯಿಂದ ಆಚೆ ಕಳಿಸುತ್ತದೆ. ಸ್ಕ್ರ್ಯಾಚ್‌ನಲ್ಲಿ ಬೇರೆ ಬ್ಲಾಕ್‌ಗಳನ್ನು ಒಳಗಿಟ್ಟುಕೊಳ್ಳುವ, ಬಾಯಿ ತೆರೆದ ಬ್ಲಾಕ್ ಈ ಗಡಿಯನ್ನು ತೋರಿಸುತ್ತದೆ. ಕಾಗದದಲ್ಲಿ, ಮರುಕಳಿಸಬೇಕಾದ ಚೀಟಿಗಳ ಸುತ್ತ ಒಂದು ಬಣ್ಣದ ನೂಲು ಹಾಕಿ, ‘4 ಸಲ’ ಚೀಟಿಯನ್ನು ನೂಲಿನ ಮೇಲಿಡಿ. ಆಗ ಕಾಯಿ ಚೌಕ ಸುತ್ತಿ ಹೊರಟಲ್ಲಿಗೇ ಬರುತ್ತದೆ.

‘ಆದರೆ’ ಬಗ್ಗೆ ಹೆಚ್ಚು ಯೋಚಿಸಬೇಕು. ಬಿಡಿಯಾಗಿ ಬರೆದರೆ ಅದು ಇಫ್ ಅಲ್ಲ, ‘ಬಂದೆ, ಆದರೆ ನೀನಿರಲಿಲ್ಲ’ ಎಂಬಲ್ಲಿಯ ‘ಆದರೆ’ ಆಗಿಬಿಡುತ್ತದೆ. ಕನ್ನಡದಲ್ಲಿ ಷರತ್ತು ಕ್ರಿಯಾಪದದ ಬಾಲಕ್ಕೇ ಅಂಟಿರುತ್ತದೆ: ಇದ್ದರೆ, ಮುಟ್ಟಿದರೆ, ಸಿಕ್ಕಿದರೆ. ಆದ್ದರಿಂದ ‘ಎದುರು ಗೋಡೆ ಇದ್ದರೆ’ ಎಂದು ಇಡಿಯಾಗಿ ಒಂದೇ ಚೀಟಿ ಮಾಡಿ. ಷರತ್ತನ್ನು ಬದಲಾಯಿಸಿ ಆಡಬೇಕೆಂದಿದ್ದರೆ ‘ಎಂದಾದರೆ’ ಒಳ್ಳೆಯದು, ಯಾವ ಪೂರ್ಣ ವಾಕ್ಯದ ಹಿಂದೆಯೂ ಕೂರುತ್ತದೆ: ‘ಅಂಚು ಮುಟ್ಟಿದೆ’ + ‘ಎಂದಾದರೆ’. ಷರತ್ತು ಕೂಡದಿದ್ದಾಗ ಬರುವ ಎಲ್ಸ್‌ಗೆ ‘ಇಲ್ಲವಾದರೆ’.

ಹಾಳೆಗೆ ಹಳೆಯ ಕ್ಯಾಲೆಂಡರಿನ ಬೆನ್ನು ಸಾಕು, 6 ಸೆಂ.ಮೀ.ಯ ಮನೆಗಳು, 5 ಅಡ್ಡ, 5 ಉದ್ದ. ಕಾಯಿಗೆ ಅಡಿಕೆ ಬೇಡ, ಉರುಳುತ್ತದೆ, ಮುಖವೂ ಇಲ್ಲ. ಬಾಟಲಿಯ ಮುಚ್ಚಳದ ಮೇಲೆ ಬಾಣ ಬರೆಯಿರಿ. ‘ಬಲಕ್ಕೆ’ ಎಂದಷ್ಟೇ ಬರೆದರೆ ಮಕ್ಕಳು ಪಕ್ಕದ ಮನೆಗೆ ಜಾರಿಸುತ್ತಾರೆ, ‘ತಿರುಗು’ ಇರಲೇಬೇಕು. ಬಾಣ ಮಗುವಿನ ಕಡೆಗೆ ಮುಖ ಮಾಡಿದಾಗ ಎಡ ಬಲ ತಪ್ಪುವುದು ಸಹಜ. ಆಗ ಮಗುವೇ ಎದ್ದು ಹಾಳೆಯ ಆಚೆ ಬದಿಗೆ ಬಂದು ನೋಡಲಿ.

ಕೈಪಿಡಿಯಲ್ಲಿ ‘ಅಗ್ಗದ’ ಎನ್ನುವ ಬದಲು ‘ಕಡಿಮೆ ಖರ್ಚಿನ’ ಎನ್ನಿ. ‘ಅಗ್ಗದ’ ಎಂದರೆ ಕಳಪೆಯ ವಾಸನೆ ಹೊಡೆಯುತ್ತದೆ. ಚೀಟಿಯ ನಂತರ, ಟ್ಯಾಬ್ಲೆಟ್ ಇರುವ ಮನೆಗೆ ಸ್ಕ್ರ್ಯಾಚ್‌ನ ಚಿಕ್ಕ ಮಕ್ಕಳ ರೂಪವಾದ ಸ್ಕ್ರ್ಯಾಚ್‌ಜೂನಿಯರ್: ಉಚಿತ, 5ರಿಂದ 7 ವರ್ಷದವರಿಗೆ ಮಾಡಿದ್ದು, ಬ್ಲಾಕ್‌ಗಳಲ್ಲಿ ಚಿತ್ರಗಳೇ ಇರುವುದರಿಂದ ಭಾಷೆ ಅಡ್ಡ ಬರುವುದಿಲ್ಲ. ಎಂಟು ತುಂಬಿದ ಮೇಲೆ ಸ್ಕ್ರ್ಯಾಚ್, ಅದೂ ಉಚಿತ. ಡೌನ್‌ಲೋಡ್ ಮಾಡಿಟ್ಟರೆ ನೆಟ್ ಬೇಕಿಲ್ಲ. ದುಡ್ಡು ಕೊಡುವುದಿದ್ದರೆ ಆಮೇಲೆ ಮೈಕ್ರೋಬಿಟ್ ಎಂಬ, ಮಕ್ಕಳು ಪ್ರೋಗ್ರಾಂ ಹಾಕಿ ಆಡುವ ಪುಟ್ಟ ಕಂಪ್ಯೂಟರ್ ಹಲಗೆ. ಕೊಳ್ಳುವ ಮೊದಲು, ಅದಕ್ಕೆ ಪ್ರೋಗ್ರಾಂ ಬರೆಯುವ ಮೇಕ್‌ಕೋಡ್ ಎಂಬ ಜಾಲತಾಣದ ಪುಟದಲ್ಲಿ ಅದರ 25 ದೀಪ, ಎರಡು ಗುಂಡಿಗಳನ್ನು ಪರದೆಯ ಮೇಲೆಯೇ ಆಡಿಸಿ ನೋಡಬಹುದು. ಕೊಂಡ ಮೇಲೆ ಕಂಪ್ಯೂಟರಿಗೆ ಸಿಕ್ಕಿಸಿದರೂ ಅದು ಪೆನ್‌ಡ್ರೈವ್‌ನಂತೆ ಡ್ರೈವ್ ಆಗಿ ಕಾಣದಿದ್ದರೆ ಮೊದಲು ಕೇಬಲ್ ಬದಲಿಸಲು ಬರೆಯಿರಿ. ಬರೀ ಚಾರ್ಜಿಂಗಿನ ಕೇಬಲ್‌ನಲ್ಲಿ ಕರೆಂಟು ಹೋಗುತ್ತದೆ, ಪ್ರೋಗ್ರಾಂ ಹೋಗುವುದಿಲ್ಲ.