ಸೀಸದ ಗುಂಡು ಮನೆಯಲ್ಲೇ ಎರಕ ಹೊಯ್ಯುವುದೋ, ಕೊಂಡು ತರುವುದೋ? ಅನುಭವ ಹೇಳಿ

ಡಲ್ಲಾಸ್ ಹೊಸಬ: ಒಂಬತ್ತು ಎಂಎಂ ಪಿಸ್ತೂಲಿಗೆ ಮನೆಯಲ್ಲೇ ತೋಟಾ ತುಂಬಿಕೊಳ್ಳುತ್ತಿದ್ದೇನೆ. ತಾಮ್ರದ ಕವಚದ ಗುಂಡು ದುಬಾರಿಯಾಗಿದೆ, ಸೀಸಕ್ಕೆ ಹೋಗೋಣವೆಂದಿದ್ದೇನೆ. ಮನೆಯಲ್ಲಿ ಎರಡು ವರ್ಷದ ಮಗಳಿದ್ದಾಳೆ, ಹೆಂಡತಿಗೆ ಭಯ. ನಳಿಗೆ ಹಾಳಾಗುತ್ತದೆಯೇ?

ಹ್ಯೂಸ್ಟನ್ ಹಳಬ: ಕೊಂಡು ತರುವವನು ಅರ್ಧ ಹವ್ಯಾಸಿ, ತಮ್ಮಾ. ನನ್ನ ಸೀಸವೆಲ್ಲ ಟೈರ್ ಅಂಗಡಿಯಿಂದ ಬಂದ ಚಕ್ರದ ತೂಕ, ಅಂದರೆ ಗಾಲಿ ಸಮತೋಲನಕ್ಕೆ ಅಂಚಿಗೆ ಸಿಕ್ಕಿಸುವ ತುಂಡುಗಳು. ಪೌಂಡಿಗೆ ಒಂದೂವರೆ ಡಾಲರ್. ಒಂದು ಪೌಂಡಿಗೆ 7000 ಗ್ರೇನ್, ಅಂದರೆ 125 ಗ್ರೇನಿನ 56 ಗುಂಡು, ತಲಾ ಮೂರು ಸೆಂಟಿಗೂ ಕಡಿಮೆ! ಆದರೆ ಆ ಅಂಗಡಿಯವನು ಕೊಟ್ಟ ಬಕೆಟ್ಟಿನಲ್ಲಿ ಸತುವಿನ ತೂಕಗಳೂ ಸೇರಿದ್ದವು. ಸೀಸ 327 ಡಿಗ್ರಿ ಸೆಲ್ಸಿಯಸ್ಸಿಗೆ ಕರಗುತ್ತದೆ, ಸತು 419ಕ್ಕೆ. ಉರಿ ಹೆಚ್ಚಾಗಿ ಸತುವೂ ಕರಗಿತು, ಪಾತ್ರೆ ತುಂಬ ಗಂಜಿಯಂತೆ ದಪ್ಪಗಾಗಿ ಅಚ್ಚಿನ ಮೂಲೆಗಳಿಗೆ ಇಳಿಯಲೇ ಇಲ್ಲ. ಇಪ್ಪತ್ತು ಪೌಂಡ್ ಎಸೆದೆ. ಅದರ ಜೊತೆ ನಾನು ಬೆರೆಸಿದ್ದ, ಪೌಂಡಿಗೆ ಇಪ್ಪತ್ತು ಡಾಲರಿನ ತವರವೂ ಹೋಯಿತು. ಆ ನೋವು ಇಂದಿಗೂ ಇದೆ. ಹೊಗೆಗೆ ಮಾತ್ರ ಹೆದರು, ಕಿಟಕಿ ತೆರೆದಿಡು, ಅಷ್ಟು ಸಾಕು.

ಓಹಾಯೋ ಒಬ್ಬಂಟಿ: ಹಳಬರೇ, "ಹೊಗೆಗೆ ಮಾತ್ರ" ಎಂದು ಚಿಕ್ಕ ಮಗುವಿರುವ ಮನೆಯವರಿಗೆ ಹೇಳಬೇಡಿ. ಎರಕದ ಶಾಖದಲ್ಲಿ ಸೀಸ ಆವಿಯಾಗುವುದು ಅತ್ಯಲ್ಪ. ವಿಷ ಇರುವುದು ಧೂಳಿನಲ್ಲಿ, ಕಿಟ್ಟದ ಪುಡಿಯಲ್ಲಿ, ಕೈಯಿಂದ ಬಾಯಿಗೆ ಹೋಗುವುದರಲ್ಲಿ. ನನ್ನ ರಕ್ತದಲ್ಲಿ ಡೆಸಿಲೀಟರಿಗೆ 14 ಮೈಕ್ರೋಗ್ರಾಂ ಬಂದಿತ್ತು, ನಾನು ಎರಕ ಹೊಯ್ದವನೇ ಅಲ್ಲ! ಹಳೆಯ ಖಾಲಿ ತೋಟಾಗಳನ್ನು ಒಣ ಉಮ್ಮಿನಲ್ಲಿ ತಿರುಗಿಸಿ ಹೊಳಪು ಕೊಡುವ ಯಂತ್ರ ಗ್ಯಾರೇಜಿನಲ್ಲಿತ್ತು. ತೋಟಾದ ಬುಡದಲ್ಲಿ ಕಿಡಿ ಹೊತ್ತಿಸುವ ಪ್ರೈಮರಿನಲ್ಲೂ ಸೀಸದ ಸಂಯುಕ್ತವಿರುತ್ತದೆ, ಆ ಧೂಳನ್ನೇ ಉಸಿರಾಡಿದೆ. ಈಗ ನೀರಿನಲ್ಲಿ ತೊಳೆಯುತ್ತೇನೆ. ಕೆಲಸದ ಬೂಟು ಮನೆಯೊಳಗೆ ಬರುವುದಿಲ್ಲ, ಬಟ್ಟೆ ಬೇರೆಯೇ ಒಗೆಯುತ್ತೇನೆ. ಮಕ್ಕಳಿಗೆ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿ 2021ರಿಂದ ಇಟ್ಟಿರುವ ಉಲ್ಲೇಖ ಮಟ್ಟ ಅದೇ ಲೆಕ್ಕದಲ್ಲಿ 3.5, ಸುರಕ್ಷಿತ ಮಟ್ಟವೆಂಬುದೇ ಇಲ್ಲ.

ಹ್ಯೂಸ್ಟನ್ ಹಳಬ: ನನ್ನ ರಕ್ತ ಚೆನ್ನಾಗಿದೆ. ನಿಮ್ಮ ಯಂತ್ರದ ದೋಷವನ್ನು ನನ್ನ ಪಾತ್ರೆಯ ಮೇಲೆ ಹೊರಿಸಬೇಡಿ.

ಓಹಾಯೋ ಒಬ್ಬಂಟಿ: ಪರೀಕ್ಷೆ ಮಾಡಿಸಿದಿರಾ ಸ್ವಾಮಿ, ಇಲ್ಲ ನಿಮಗೆ ಅನಿಸುತ್ತದೆಯೇ?

ಸ್ಯಾನ್ ಹೋಸೆ ಸತೀಶ: ಮೂರು ಸೆಂಟ್ ಲೆಕ್ಕದಲ್ಲಿ ಪಾತ್ರೆ, ಅಚ್ಚು, ಗುಂಡನ್ನು ಸರಿಯಾದ ಅಳತೆಗೆ ತರುವ ಡೈ, ವಿದ್ಯುತ್, ಭಾನುವಾರಗಳು ಎಲ್ಲಿವೆ? ಕ್ಯಾಲಿಫೋರ್ನಿಯಾದಲ್ಲಿ 2010ರಿಂದ ಸೀಸದ ಚಕ್ರತೂಕ ಮಾರುವಂತೆಯೇ ಇಲ್ಲ. 2019ರ ಜುಲೈಯಿಂದ ಬೇಟೆಗೆ ಸೀಸದ ಗುಂಡನ್ನೂ ಬಳಸುವಂತಿಲ್ಲ. ನಾನು ಹಳೆಯ ಮುದ್ರಣಾಲಯದ ಲಿನೋಟೈಪ್ ಅಚ್ಚುಮೊಳೆಯ ಸೀಸ ತಂದು ಗಟ್ಟಿ ಗುಂಡು ಮಾಡಿದೆ, ಗಟ್ಟಿಯಾದರೆ ನಳಿಗೆಗೆ ಸೀಸ ಅಂಟುವುದಿಲ್ಲ ಎಂದರು. ಅಂಟಿತು. ತಾಮ್ರದ ನಾರಿನಿಂದ ಉಜ್ಜಿ ಉಜ್ಜಿ ಕೈ ಸೋತಿತು. ಗುಂಡು 355 ಅಳತೆಯದಾಗಿದ್ದೇ (ಅಡ್ಡಗಲ 0.355 ಇಂಚು) ಕಾರಣ. ನಳಿಗೆಗಿಂತ ಇಂಚಿನ ಸಾವಿರದಲ್ಲೊಂದು ಪಾಲಾದರೂ ದಪ್ಪವಿರಬೇಕು, ಇಲ್ಲದಿದ್ದರೆ ಬಿಸಿ ಅನಿಲ ಪಕ್ಕದಿಂದ ನುಗ್ಗಿ ಸೀಸವನ್ನು ಕೊರೆಯುತ್ತದೆ. 356ಕ್ಕೆ ಬದಲಿಸಿದ ಮೇಲೆ ಮೃದು ಮಿಶ್ರಲೋಹವೂ ಅಂಟಲಿಲ್ಲ. ಗುಂಡಿಗೆ ಪುಡಿಬಣ್ಣ ಹಚ್ಚಿ ಒಲೆಯಲ್ಲಿ ಬೇಯಿಸುವ ಪೌಡರ್ ಕೋಟಿಂಗ್ ಮಾಡಿದರೆ ಇನ್ನೂ ಒಳ್ಳೆಯದು, ಆದರೆ ಒಲೆ ಅಡುಗೆಮನೆಯದಾಗಬಾರದು. ಹಳೆಯ ಗ್ಲಾಕ್ ಪಿಸ್ತೂಲಿದ್ದರೆ ಕೋಟಿಂಗಿಲ್ಲದ ಸೀಸ ಹಾಕಬೇಡಿ. ಕೈಪಿಡಿಯಲ್ಲೇ ಎಚ್ಚರಿಕೆಯಿದೆ.

ಅರಿಜೋನಾ ಕೊಡವ: ನೀವೆಲ್ಲ ಇಂಚಿನ ಸಾವಿರದಲ್ಲೊಂದು ಪಾಲು ಎಂದು ಜಗಳವಾಡಿ. ನಮ್ಮಜ್ಜನ ಕೋವಿಗೆ ನಳಿಗೆಯ ಬಾಯಿಂದ ಮದ್ದು ತುಂಬಿ, ಬಟ್ಟೆ ಸುತ್ತಿದ ಅಪ್ಪಟ ಸೀಸದ ಗುಂಡು ಹಾಕಿದರೆ ನಮ್ಮ ಆಯುಧದ ಹಬ್ಬ ಕೈಲ್ ಪೊಳ್ದಿಗೆ ತೆಂಗಿನಕಾಯಿ ಸೀಳುತ್ತಿತ್ತು. ನಾನೂ ಇಲ್ಲಿ ಕಪ್ಪುಮದ್ದಿನ ಕೋವಿಯನ್ನೇ ಇಟ್ಟಿದ್ದೇನೆ. ಊರಿನಲ್ಲಿ ನಮಗೆ ಕೊಡವರಿಗೆ ಕೋವಿಯ ಪರವಾನಗಿಯ ಗೊಡವೆಯೂ ಇಲ್ಲ.

ಸ್ಯಾನ್ ಹೋಸೆ ಸತೀಶ: ಪರವಾನಗಿಯಿಂದ ವಿನಾಯಿತಿ ಇರುವುದು ಬಂದೂಕಿಗೆ, ಅದೂ ಈಗಿನ ಆದೇಶ 2029ರವರೆಗೆ. ಮದ್ದುಗುಂಡು ತಯಾರಿಸುವುದಕ್ಕೆ ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಪರವಾನಗಿ ಬೇಕು. ಇಲ್ಲಿನ ಮಾತು ಕೇಳಿ ಊರಿನಲ್ಲಿ ಯಾರೂ ಪಾತ್ರೆ ಇಡಬೇಡಿ.

ಅರಿಜೋನಾ ಕೊಡವ: ಅಜ್ಜನ ಕಾಲದ ಮಾತಿಗೆ ವಕೀಲಿಕೆ ಏಕೆ ರಾಯರೇ? ನಾನೆಲ್ಲಿ ತಯಾರಿಸಿ ಎಂದೆ?

ಹ್ಯೂಸ್ಟನ್ ಹಳಬ: ಸತೀಶರ ಭಾನುವಾರಗಳಿಗೆ ಬೆಲೆ ಕಟ್ಟುವುದಾದರೆ ಅವರು ಇಲ್ಲಿ ಬರೆಯುವ ಸಮಯಕ್ಕೂ ಕಟ್ಟಲಿ. ಒಂದು ಮಾತು ಬಿಟ್ಟುಹೋಯಿತು: ಕರಗಿದ ಸೀಸದೊಳಗೆ ಒಂದು ಹನಿ ನೀರು ಸಿಕ್ಕಿಕೊಂಡರೂ ಅದು ಆವಿಯಾಗಿ ಬಿಸಿ ಸೀಸ ಸಿಡಿದು ಹಾರುತ್ತದೆ. ಒದ್ದೆ ಸೌಟು ಒಳಗಿಡಬಾರದು. ನನ್ನ ಪಕ್ಕದ ಮನೆಯವರ ಕನ್ನಡಕ ಅವರ ಕಣ್ಣನ್ನು ಉಳಿಸಿತು.

ಓಹಾಯೋ ಒಬ್ಬಂಟಿ: ಪರೀಕ್ಷೆಯ ಪ್ರಶ್ನೆಗೆ ಉತ್ತರ ಬರಲಿಲ್ಲ.

ಡಲ್ಲಾಸ್ ಹೊಸಬ: ಎರಕದ ಆಸೆ ಬಿಟ್ಟೆ. ಮಗಳು ದೊಡ್ಡವಳಾಗುವವರೆಗೆ ಕೋಟಿಂಗ್ ಮಾಡಿದ ಸೀಸದ ಗುಂಡನ್ನೇ ಕೊಳ್ಳುತ್ತೇನೆ, ತಲಾ ಎಂಟು ಸೆಂಟ್ ಬೀಳುತ್ತದೆ. ಐನೂರರ ಪೆಟ್ಟಿಗೆಗೆ ಹಣ ಕಟ್ಟಿಯಾಯಿತು.

ಸ್ಯಾನ್ ಹೋಸೆ ಸತೀಶ: ಯಾವ ಅಳತೆ? 355 ಎಂದು ಬರೆದಿದ್ದರೆ ಈಗಲೇ ರದ್ದು ಮಾಡಿ.