12 ತಾಸು ನಿಂತು ಮಾಡೋ ಡ್ಯೂಟಿಗೆ ಯಾವ ಶೂ?

ಸ್ಟಾಫ್ ನರ್ಸ್, ಬೆಳಗಾವಿ: ಖಡೇಬಜಾರ್‌ನಲ್ಲಿ ತಗೊಂಡ ಬಿಳಿ ಶೂ ಹತ್ತಿಯಂತೆ ಮೆತ್ತಗಿತ್ತು. ಮೂರೇ ತಿಂಗಳಿಗೆ ಅಡಿ ಚಪ್ಪಟೆ! ಈಗ ಬೆಳಿಗ್ಗೆ ಹಾಸಿಗೆಯಿಂದ ಇಳಿದ ಕೂಡಲೇ ಹಿಮ್ಮಡಿಗೆ ಮುಳ್ಳು ಚುಚ್ಚಿದ ಹಾಗಾಗುತ್ತದೆ. ನಾಲ್ಕು ಹೆಜ್ಜೆ ನಡೆದರೆ ಕಡಿಮೆ. ಏನು ತಗೊಳ್ಳಲಿ?

ವಿಜಯಪುರದಿಂದ: ಅಕ್ಕಾ, ಮೆತ್ತಗಿದ್ದರೆ ಸಾಲದು. ನಾನೂ ಹಾಗೇ ಎರಡು ಜೋಡಿ ಹಾಳು ಮಾಡಿಕೊಂಡೆ. ಅಂಗಡಿಯಲ್ಲೇ ಶೂ ಬಗ್ಗಿಸಿ ನೋಡಿ. ಬೆರಳು ಮಡಚುವ ಕಡೆ ಬಗ್ಗಬೇಕು, ನಡುವೆ ಅಲ್ಲ. ಹಿಮ್ಮಡಿ ಭಾಗ ಹೆಬ್ಬೆರಳಿನಿಂದ ಒತ್ತಿದರೆ ಕುಸಿಯಬಾರದು. ಡ್ಯೂಟಿ ಮುಗಿಸಿ ಸಂಜೆ ಹೋಗಿ, ಆಗ ಕಾಲು ಸ್ವಲ್ಪ ಊದಿರುತ್ತದೆ. ಡ್ಯೂಟಿ ಸಾಕ್ಸ್ ಹಾಕಿಕೊಂಡೇ ಅಳತೆ ನೋಡಿ. ಮುಂದೆ ಒಂದು ಹೆಬ್ಬೆರಳಷ್ಟು ಜಾಗ ಇರಲಿ.

ಓಟಿ (ಆಪರೇಷನ್ ಥಿಯೇಟರ್) ಟೆಕ್ನಿಷಿಯನ್: ಜಾಳಿಗೆ ಬಟ್ಟೆಯ ಶೂ ಬೇಡ. ಒಮ್ಮೆ ಬೆಟಾಡಿನ್ (ಗಾಯ ಸ್ವಚ್ಛ ಮಾಡೋ ಔಷಧಿ) ಚೆಲ್ಲಿ ಸಾಕ್ಸ್‌ವರೆಗೂ ಕೆಂಪಾಗಿತ್ತು! ಸೂಜಿ ಬಿದ್ದರಂತೂ ಕೇಳಲೇಬೇಡಿ. ಮುಚ್ಚಿದ, ಒರೆಸಿದರೆ ಸ್ವಚ್ಛವಾಗುವ, ಜಾರದ ಶೂ ನೋಡಿ.

ವಿಜಯಪುರದಿಂದ: ಮರೆತೆ. ಆ ಹಿಮ್ಮಡಿ ನೋವು ಪ್ಲಾಂಟಾರ್ ಫೇಶಿಯೈಟಿಸ್ (ಅಂಗಾಲಿನ ಉದ್ದಕ್ಕೂ ಇರೋ ಗಟ್ಟಿ ಪಟ್ಟಿಯ ತೊಂದರೆ) ಇರಬಹುದು, ಮೂಳೆ ಡಾಕ್ಟರಿಗೆ ತೋರಿಸಿ. ಮನೆಯಲ್ಲೂ ಬರಿಗಾಲಲ್ಲಿ ಫರಸಿ ಮೇಲೆ ಓಡಾಡಬೇಡಿ.

ಸ್ಟಾಫ್ ನರ್ಸ್, ಬೆಳಗಾವಿ: ನಾಳೆ ಡ್ಯೂಟಿ ಮುಗಿಸಿ ಸೀದಾ ಅಂಗಡಿಗೆ. ಶೂ ಬಗ್ಗಿಸಿದರೆ ಅಂಗಡಿಯವರು ಬೈಯಲ್ಲ ತಾನೆ?